ಗುಲಾಬಿ ಅರಳುವ ಕಾಲದ ನೆಗಡಿ: ಮನೆಮದ್ದಿನ ಇತಿಹಾಸ ಕಲಿಸುವ ಪಾಠ

ವಸಂತ ಋತು ಬಂದು ಗುಲಾಬಿ ಅರಳುವ ಕಾಲವೆಂದರೆ ಖುರಾಸಾನಿನ ಜನರಿಗೆ ಸಂಭ್ರಮದ ಕಾಲ. ಆದರೆ ಬಲ್ಖ್ ಪ್ರಾಂತದ ವಿದ್ವಾಂಸರಾದ ಅಬೂ ಝೈದ್ ಅಲ್ ಬಲ್ಖಿಯವರಿಗೆ ಅದೇ ಕಾಲ ಸಂಕಟ ತರುತ್ತಿತ್ತು. ಗುಲಾಬಿಯನ್ನು ಮೂಸಿದರೆ ಅವರಿಗೆ ನೆಗಡಿ ಹಿಡಿಯುತ್ತಿತ್ತು. ಕ್ರಿ.ಶ. 934ರಲ್ಲಿ ನಿಧನರಾದ ಬಲ್ಖಿಯವರು ಭೂಗೋಳ ಶಾಸ್ತ್ರದಲ್ಲಿ ಒಂದು ಪರಂಪರೆಗೇ ತಮ್ಮ ಹೆಸರು ಕೊಟ್ಟವರು. ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಟ್ಟಿಗೆ ಚರ್ಚಿಸುವ ‘ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್’ ಎಂಬ ಗ್ರಂಥ ಅವರದು. ಅಂತಹ ಪಂಡಿತರನ್ನು ಕಾಡಿದ ಈ ಕಾಯಿಲೆಯ ಬಗ್ಗೆ ಅವರ ಸಮಕಾಲೀನ ವೈದ್ಯರಾದ ಅಬೂಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ಅರ್ರಾಝಿಯವರು ಒಂದು ಪ್ರತ್ಯೇಕ ಕಿರುಗ್ರಂಥವನ್ನೇ ಬರೆದರು. ವಸಂತದಲ್ಲಿ ಗುಲಾಬಿ ಮೂಸಿದಾಗ ಅಬೂ ಝೈದರಿಗೆ ನೆಗಡಿ ಬರುವುದು ಯಾವ ಕಾರಣದಿಂದ ಎಂಬುದೇ ಅದರ ವಿಷಯ, ಅದುವೇ ಅದರ ಶೀರ್ಷಿಕೆಯ ತಾತ್ಪರ್ಯ ಕೂಡ.

ಋತುಮಾನದ ಅಲರ್ಜಿ ಎಂದು ನಾವಿಂದು ಕರೆಯುವ ಕಾಯಿಲೆಯ ಬಗ್ಗೆ ದೊರೆಯುವ ಅತ್ಯಂತ ಹಳೆಯ ವೈದ್ಯಕೀಯ ಬರಹಗಳಲ್ಲಿ ಇದೂ ಒಂದು. ಸಾವಿರದ ನೂರು ವರ್ಷಗಳ ನಂತರ ನಮ್ಮ ಮನೆಗಳಲ್ಲಿ ಅದೇ ಸೀನು, ಅದೇ ಮೂಗಿನ ಸೋರಿಕೆ, ಅದೇ ಕಣ್ಣುರಿ ಇದೆ. ಕಲೋಂಜಿ, ಜೇನು, ಜೋಶಾಂದಗಳೂ ಇವೆ. ಆದರೆ ಅರ್ರಾಝಿಯವರು ಔಷಧಕ್ಕಿಂತ ಮೊದಲು ಎತ್ತಿದ ಪ್ರಶ್ನೆ ಮಾತ್ರ ನಮ್ಮಲ್ಲಿ ಅಪರೂಪವಾಗಿದೆ: ಈ ವ್ಯಕ್ತಿಗೆ, ಈ ಕಾಲದಲ್ಲಿಯೇ, ಇದು ಯಾಕೆ ಬರುತ್ತದೆ? ಮನೆಮದ್ದಿನ ಪಾಕ ನಮಗೆ ಪರಂಪರೆಯಿಂದ ಬಂದಿದೆ. ಆ ಪಾಕದ ಜೊತೆಗಿದ್ದ ವಿಚಾರಣೆ ದಾರಿಯಲ್ಲೆಲ್ಲೋ ಕಳೆದುಹೋಗಿದೆ.

ಚಿಕಿತ್ಸೆ ಎಂಬ ಆದೇಶ

ಚಿಕಿತ್ಸೆ ಪಡೆಯುವುದು ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧವೇ ಎಂಬ ಪ್ರಶ್ನೆ ಪ್ರವಾದಿವರ್ಯರ(ಸ) ಮುಂದೆಯೇ ಬಂದಿತ್ತು. ಉಸಾಮಾ ಬಿನ್ ಶರೀಕ್(ರ) ವರದಿ ಮಾಡಿರುವಂತೆ, ಕೆಲವು ಗ್ರಾಮೀಣ ಅರಬರು ಬಂದು, ನಾವು ಔಷಧೋಪಚಾರ ಮಾಡಿಕೊಳ್ಳಬಹುದೇ ಎಂದು ಕೇಳಿದರು. ಮಾಡಿಕೊಳ್ಳಿರಿ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ವೃದ್ಧಾಪ್ಯದ ಹೊರತು ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಟ್ಟಿಲ್ಲವೆಂದೂ ತಿಳಿಸಿದರು. ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿರುವ ಈ ಹದೀಸ್ ಮುಸ್ಲಿಮ್ ಜಗತ್ತಿನ ವೈದ್ಯಕೀಯ ಪರಂಪರೆಗೆ ಬಹುದೊಡ್ಡ ಪ್ರೇರಣೆಯಾಯಿತು. ಪ್ರತಿಯೊಂದು ರೋಗಕ್ಕೂ ಮದ್ದಿದೆ ಎಂದಾದರೆ ಅದನ್ನು ಹುಡುಕುವುದು ಮನುಷ್ಯನ ಹೊಣೆಯಾಗುತ್ತದೆ.

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 68 ಮತ್ತು 69ನೇ ಸೂಕ್ತಗಳು ಜೇನುನೊಣದ ಕಡೆಗೆ ನಮ್ಮ ಗಮನ ಸೆಳೆಯುತ್ತವೆ. ಅದರ ಹೊಟ್ಟೆಯಿಂದ ಬರುವ ಬಗೆಬಗೆಯ ಬಣ್ಣದ ಪಾನೀಯದಲ್ಲಿ ಜನರಿಗೆ ಶಮನವಿದೆ ಎಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆದರೆ ಆ ಸೂಕ್ತವು ಮುಗಿಯುವುದು ಚಿಂತನೆ ನಡೆಸುವ ಜನರಿಗೆ ಇದರಲ್ಲಿ ನಿದರ್ಶನವಿದೆ ಎಂಬ ಮಾತಿನೊಂದಿಗೆ. ಶಮನ ಮತ್ತು ಚಿಂತನೆ ಒಂದೇ ಸೂಕ್ತದಲ್ಲಿ ಜೊತೆಯಾಗಿ ಬಂದಿವೆ. ಹಿಂದಿನ ವಿದ್ವಾಂಸರು ಇವೆರಡನ್ನೂ ಕೈಬಿಡಲಿಲ್ಲ.

ಗಾಲಿಬ್ ಬಿನ್ ಅಬ್ಜರ್‌ರ ಮೂಗು

ಕಲೋಂಜಿ ಅಥವಾ ಕರಿಜೀರಿಗೆಯ ಬಗೆಗಿನ ಹದೀಸನ್ನು ಕೇಳದವರಿಲ್ಲ. ಮರಣದ ಹೊರತು ಎಲ್ಲ ರೋಗಗಳಿಗೂ ಅದರಲ್ಲಿ ಶಮನವಿದೆ ಎಂಬುದು ಅದರ ಸಾರ. ಆದರೆ ಸಹೀಹ್ ಬುಖಾರಿಯಲ್ಲಿ ಹಝ್ರತ್ ಆಯಿಶಾರಿಂದ(ರ) ಬಂದಿರುವ ಈ ವರದಿಯ ಜೊತೆಗಿರುವ ಘಟನೆಯನ್ನು ಬಲ್ಲವರು ಕಡಿಮೆ.

ಖಾಲಿದ್ ಬಿನ್ ಸಅದ್ ಎಂಬವರು ತಮ್ಮ ಸಂಗಡಿಗರೊಂದಿಗೆ ಪ್ರಯಾಣ ಹೊರಟಿದ್ದರು. ದಾರಿಯಲ್ಲಿ ಗಾಲಿಬ್ ಬಿನ್ ಅಬ್ಜರ್ ಕಾಯಿಲೆ ಬಿದ್ದರು. ಮದೀನಾ ತಲುಪಿದಾಗಲೂ ಅವರು ಗುಣಮುಖರಾಗಿರಲಿಲ್ಲ. ಹಝ್ರತ್ ಅಬೂಬಕರ್‌ರ(ರ) ವಂಶದವರಾದ ಇಬ್ನು ಅಬೀ ಅತೀಕ್ ರೋಗಿಯನ್ನು ಸಂದರ್ಶಿಸಲು ಬಂದರು. ಅವರು ಕರಿಜೀರಿಗೆಯ ಐದೋ ಏಳೋ ಕಾಳುಗಳನ್ನು ಅರೆದು, ಎಣ್ಣೆಯಲ್ಲಿ ಬೆರೆಸಿ, ಮೂಗಿನ ಎರಡೂ ಹೊಳ್ಳೆಗಳಿಗೆ ಹನಿಸುವಂತೆ ಹೇಳಿದರು. ಅದಕ್ಕೆ ಆಧಾರವಾಗಿ ಹಝ್ರತ್ ಆಯಿಶಾರಿಂದ(ರ) ತಾವು ಕೇಳಿದ್ದ ಪ್ರವಾದಿ ವಚನವನ್ನು ತಿಳಿಸಿದರು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಇಬ್ನು ಅಬೀ ಅತೀಕ್ ರೋಗಿಯ ಬಳಿಗೆ ಹೋಗಿ, ಅವರನ್ನು ಕಂಡ ನಂತರ ಮದ್ದು ಹೇಳಿದರು. ಎಷ್ಟು ಕಾಳು, ಯಾವುದರಲ್ಲಿ ಬೆರೆಸಬೇಕು, ದೇಹದ ಯಾವ ಭಾಗಕ್ಕೆ ಕೊಡಬೇಕು ಎಂಬುದನ್ನೂ ನಿರ್ದಿಷ್ಟವಾಗಿ ಹೇಳಿದರು. ಬುಖಾರಿಗೆ ಫತ್‌ಹುಲ್ ಬಾರಿ ಎಂಬ ವ್ಯಾಖ್ಯಾನ ಬರೆದ ಇಬ್ನು ಹಜರ್ ಅಲ್ ಅಸ್ಕಲಾನಿಯವರು, ಗಾಲಿಬ್‌ರಿಗೆ ಇದ್ದದ್ದು ಬಹುಶಃ ನೆಗಡಿ, ಆದುದರಿಂದಲೇ ಅವರಿಗೆ ಈ ವಿಧಾನವನ್ನು ಸೂಚಿಸಲಾಯಿತು ಎಂದು ಅಭಿಪ್ರಾಯಪಡುತ್ತಾರೆ. ಬಹಳ ಸೀನುಳ್ಳ ನೆಗಡಿಗೆ ಕರಿಜೀರಿಗೆಯನ್ನು ಹುರಿದು, ಅರೆದು, ಎಣ್ಣೆಯಲ್ಲಿ ನೆನೆಸಿ ಮೂಗಿಗೆ ಹನಿಸುವ ಕ್ರಮ ವೈದ್ಯರಲ್ಲಿದ್ದುದನ್ನೂ ಅವರು ಉಲ್ಲೇಖಿಸುತ್ತಾರೆ.

‘ಎಲ್ಲ ರೋಗಗಳಿಗೂ’ ಎಂಬುದರ ವ್ಯಾಪ್ತಿಯ ಬಗ್ಗೆಯೂ ವಿದ್ವಾಂಸರು ಚರ್ಚಿಸಿದ್ದಾರೆ. ಕ್ರಿ.ಶ. ಹತ್ತನೇ ಶತಮಾನದ ಅಲ್ ಖತ್ತಾಬಿಯವರು ಇದು ಸಾಮಾನ್ಯ ಪದಗಳಲ್ಲಿ ಹೇಳಲಾದ ನಿರ್ದಿಷ್ಟ ಅರ್ಥದ ಮಾತು ಎಂದರು. ಪರಸ್ಪರ ವಿರುದ್ಧ ಸ್ವಭಾವದ ಎಲ್ಲ ರೋಗಗಳನ್ನೂ ಎದುರಿಸುವ ಗುಣ ಒಂದೇ ಸಸ್ಯದಲ್ಲಿ ಕೂಡಿರುವುದಿಲ್ಲವೆಂಬುದು ಅವರ ವಾದ. ಮಾತಿನ ಸಾಮಾನ್ಯ ಅರ್ಥವನ್ನೇ ಉಳಿಸಿಕೊಂಡವರೂ ಇದ್ದರು. ಹದೀಸನ್ನು ಗೌರವಿಸುತ್ತಲೇ ಅದರ ಅರ್ಥ, ಪ್ರಮಾಣ, ವಿಧಾನಗಳನ್ನು ವಿಚಾರಿಸುವುದು ಈ ಉಮ್ಮತ್‌ನ ವಿದ್ವತ್ ಪರಂಪರೆಯಾಗಿತ್ತು.

ಅರ್ರಾಝಿಯವರ ವಿಧಾನ

ಇಂದಿನ ತೆಹ್ರಾನಿಗೆ ಸಮೀಪದ ರಯ್ ಪಟ್ಟಣದಲ್ಲಿ ಹುಟ್ಟಿದ ಅರ್ರಾಝಿಯವರು ರಯ್ ಮತ್ತು ಬಗ್ದಾದ್‌ಗಳ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದರು. ಸಿಡುಬು ಮತ್ತು ದಡಾರಗಳನ್ನು ಬೇರ್ಪಡಿಸಿ ವಿವರಿಸಿದ ಅವರ ಗ್ರಂಥ ಯೂರೋಪಿನ ಭಾಷೆಗಳಿಗೂ ಅನುವಾದಗೊಂಡಿತು. ‘ಅಲ್ ಹಾವಿ’ಯಲ್ಲಿ ಅವರು ಒಂದು ಪರೀಕ್ಷೆಯನ್ನು ದಾಖಲಿಸಿದ್ದಾರೆ. ಮೆದುಳಿನ ಉರಿಯೂತದ ಲಕ್ಷಣ ತೋರುತ್ತಿದ್ದ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ಮಾಡಿ, ಇನ್ನೊಂದು ಗುಂಪನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಬಿಟ್ಟು, ಎರಡರ ಪರಿಣಾಮವನ್ನು ಅವರು ಹೋಲಿಸಿ ನೋಡಿದರು. ಒಂದು ಮದ್ದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಹೋಲಿಕೆ ಬೇಕೆಂಬ ಅರಿವು ಅವರಿಗಿತ್ತು.

ಬಲ್ಖಿಯವರ ನೆಗಡಿಯ ವಿಷಯದಲ್ಲಿಯೂ ಅವರು ಇದೇ ಎಚ್ಚರವನ್ನು ತೋರಿದರು. ಆ ಕಾಲದ ವೈದ್ಯಶಾಸ್ತ್ರದಂತೆ ಅವರ ವಿವರಣೆ ದೇಹದ ದ್ರವಗಳ ಏರುಪೇರನ್ನು ಆಧರಿಸಿತ್ತು. ಆ ವಿವರಣೆ ಇಂದು ಉಳಿದಿಲ್ಲ. ಆದರೆ ಅವರ ಅವಲೋಕನ ಉಳಿದಿದೆ: ಕಾಯಿಲೆ ಬರುವುದು ನಿರ್ದಿಷ್ಟ ಋತುವಿನಲ್ಲಿ, ನಿರ್ದಿಷ್ಟ ವಸ್ತುವಿನ ಸಾಮೀಪ್ಯದಲ್ಲಿ, ನಿರ್ದಿಷ್ಟ ವ್ಯಕ್ತಿಗೆ. ತೀಕ್ಷ್ಣ ವಾಸನೆಯ ವಸ್ತುಗಳಿಂದ ದೂರವಿರಬೇಕೆಂದು ಅವರು ಸಲಹೆ ನೀಡಿದರು. ಪ್ರಚೋದಿಸುವ ವಸ್ತುವನ್ನು ಗುರುತಿಸಿ ದೂರವಿಡುವುದು ಇಂದಿನ ಅಲರ್ಜಿ ಚಿಕಿತ್ಸೆಯಲ್ಲಿಯೂ ಮೊದಲ ಹೆಜ್ಜೆಯೇ ಆಗಿದೆ.

ಬಡವರ ಮನೆಗೆ ಬಂದ ವೈದ್ಯಗ್ರಂಥ

ಅರ್ರಾಝಿಯವರು ಆಸ್ಥಾನಕ್ಕೆ ಮಾತ್ರ ಬರೆದವರಲ್ಲ. ‘ಮನ್ ಲಾ ಯಹ್‌ಳುರುಹುತ್ತಬೀಬ್’, ಅಂದರೆ ವೈದ್ಯನು ಹತ್ತಿರವಿಲ್ಲದವನಿಗಾಗಿ, ಎಂಬ ಅವರ ಕೃತಿ ಸಾಮಾನ್ಯ ಜನರಿಗಾಗಿ ಬರೆದದ್ದು. ಸುಲಭವಾಗಿ ದೊರೆಯುವ ಆಹಾರ ಮತ್ತು ಮೂಲಿಕೆಗಳಿಂದ ಮಾಡಿಕೊಳ್ಳಬಹುದಾದ ಉಪಚಾರಗಳು ಅದರಲ್ಲಿವೆ. ಹತ್ತನೇ ಶತಮಾನದಲ್ಲಿ ಟ್ಯುನೀಶಿಯಾದ ಕೈರವಾನ್ ನಗರದ ಇಬ್ನುಲ್ ಜಝ್ಝಾರ್ ಕೂಡ ಬಡವರು ಮತ್ತು ನಿರ್ಗತಿಕರಿಗಾಗಿ ಒಂದು ವೈದ್ಯಗ್ರಂಥವನ್ನು ಬರೆದರು. ದುಬಾರಿ ಔಷಧಗಳನ್ನು ಕೊಳ್ಳಲಾಗದವನೂ ಗುಣವಾಗಬೇಕೆಂಬ ಕಾಳಜಿ ಈ ಗ್ರಂಥಗಳ ಹಿಂದಿತ್ತು. ಮನೆಮದ್ದಿನ ಸಾಹಿತ್ಯ ಮುಸ್ಲಿಮ್ ಜಗತ್ತಿನಲ್ಲಿ ಹುಟ್ಟಿದ್ದು ಹೀಗೆ. ಅದನ್ನು ಬರೆದವರು ಆಯಾ ಕಾಲದ ಶ್ರೇಷ್ಠ ವೈದ್ಯರೇ ಆಗಿದ್ದರು. ವೈದ್ಯನು ದೊರೆಯದಾಗ ನೆರವಾಗಲೆಂದು ಬರೆದರೇ ಹೊರತು, ದೊರೆಯುವ ವೈದ್ಯನನ್ನು ತೊರೆಯಲೆಂದು ಅವರು ಬರೆಯಲಿಲ್ಲ.

ಪ್ರವಾದಿ ವೈದ್ಯದ ಬಗ್ಗೆ ಬರೆದವರಲ್ಲಿ ಅತ್ಯಂತ ಪ್ರಸಿದ್ಧರಾದ ಇಬ್ನುಲ್ ಕಯ್ಯಿಮ್ (1292–1350) ತಮ್ಮ ‘ಝಾದುಲ್ ಮಆದ್’ ಗ್ರಂಥದಲ್ಲಿ ನುರಿತ ವೈದ್ಯನು ಪರಿಗಣಿಸಬೇಕಾದ ಇಪ್ಪತ್ತು ವಿಷಯಗಳನ್ನು ಪಟ್ಟಿ ಮಾಡುತ್ತಾರೆ. ರೋಗ ಯಾವುದು, ಅದರ ಕಾರಣವೇನು, ರೋಗಿಯ ಶಕ್ತಿ ಎಷ್ಟು, ವಯಸ್ಸೆಷ್ಟು, ಅಭ್ಯಾಸವೇನು, ಈಗಿನ ಋತು ಯಾವುದು, ರೋಗಿಯ ಊರು ಯಾವುದು, ಗಾಳಿಯ ಸ್ಥಿತಿ ಹೇಗಿದೆ ಎಂಬವೆಲ್ಲ ಅದರಲ್ಲಿ ಸೇರಿವೆ. ಜೇನು ಮತ್ತು ಕರಿಜೀರಿಗೆಯ ಗುಣವನ್ನು ಮನದುಂಬಿ ಬಣ್ಣಿಸಿದ ವಿದ್ವಾಂಸರೇ ಔಷಧ ಕೊಡುವ ಮೊದಲು ಇಷ್ಟೆಲ್ಲ ವಿಚಾರಿಸಬೇಕೆಂದರು.

ದಖ್ಖನಿನ ಮಣ್ಣಿನಲ್ಲಿ

ಊರು ಬದಲಾದರೆ ಮೂಲಿಕೆಯೂ ಬದಲಾಗಬೇಕಾಗುತ್ತದೆ. ಅರಬ್ ಮತ್ತು ಪಾರಸಿ ಗ್ರಂಥಗಳಲ್ಲಿ ಹೇಳಿದ ಔಷಧಗಳೆಲ್ಲ ಭಾರತದಲ್ಲಿ ದೊರೆಯುತ್ತಿರಲಿಲ್ಲ. ಇತಿಹಾಸಕಾರನೆಂದು ಹೆಸರಾದ ಮುಹಮ್ಮದ್ ಕಾಸಿಮ್ ಫಿರಿಶ್ತಾ 1589ರಲ್ಲಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಆಶ್ರಯ ಪಡೆದನು. ಅವನು ವೈದ್ಯನೂ ಆಗಿದ್ದನೆಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ‘ದಸ್ತೂರುಲ್ ಅತಿಬ್ಬಾ’ ಎಂಬ ಅವನ ಪಾರಸಿ ಗ್ರಂಥವು ಭಾರತೀಯ ವೈದ್ಯ ಪದ್ಧತಿಯನ್ನೂ ಇಲ್ಲಿನ ಔಷಧಗಳನ್ನೂ ಪಾರಸಿ ಬಲ್ಲವರಿಗೆ ಪರಿಚಯಿಸಿತು. ಹಕೀಮರು ಮತ್ತು ವೈದ್ಯರು ಪರಸ್ಪರರಿಂದ ಕಲಿತರು. ಇಂದಿಗೂ ಕರ್ನಾಟಕದ ಮುಸ್ಲಿಮ್ ಮನೆಗಳಲ್ಲಿ ಹಕೀಮರ ಜೋಶಾಂದವೂ ಅಂಗಳದ ದೊಡ್ಡಪತ್ರೆಯ ರಸವೂ ಜೊತೆಯಾಗಿ ಬಾಳುತ್ತಿವೆ. 1984ರಲ್ಲಿ ಕೇಂದ್ರ ಮತ್ತು ರಾಜ್ಯ ಸರಕಾರಗಳ ಸಹಯೋಗದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲಿಯೇ.

ಗುಲಾಬಿಯಲ್ಲ, ಗಾಳಿ

ಬಲ್ಖಿಯವರನ್ನು ಕಾಡಿದ್ದು ನಿಜಕ್ಕೂ ಗುಲಾಬಿಯೇ? ಗುಲಾಬಿಯ ಪರಾಗ ಭಾರವಾದದ್ದು. ಅದು ಕೀಟಗಳ ಮೈಗಂಟಿ ಸಾಗುತ್ತದೆ, ಗಾಳಿಯಲ್ಲಿ ಹೆಚ್ಚು ಹರಡುವುದಿಲ್ಲ. ಗುಲಾಬಿ ಅರಳುವ ಕಾಲದಲ್ಲಿಯೇ ಹುಲ್ಲು ಮತ್ತು ಮರಗಳ ಹಗುರ ಪರಾಗ ಗಾಳಿಯಲ್ಲಿ ತುಂಬಿರುತ್ತದೆ. ಕಣ್ಣಿಗೆ ಕಾಣುವ ಹೂವಿನ ಮೇಲೆ ಆರೋಪ ಬಂದು, ಕಾಣದ ಪರಾಗ ತಪ್ಪಿಸಿಕೊಂಡಿರುವ ಸಾಧ್ಯತೆಯೂ ಇದೆ. ಇಂಗ್ಲೆಂಡಿನ ವೈದ್ಯ ಜಾನ್ ಬೋಸ್ಟಾಕ್ 1819ರಲ್ಲಿ ತನ್ನನ್ನೇ ಕಾಡುತ್ತಿದ್ದ ಬೇಸಿಗೆಯ ನೆಗಡಿಯನ್ನು ವಿವರಿಸಿದನು. 1873ರಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ, ಹುಲ್ಲಿನ ಪರಾಗವೇ ಇದಕ್ಕೆ ಕಾರಣವೆಂದು ತೋರಿಸಿದನು. ‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ರೂಪಿಸಿದವನು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ದೇಹವು ನಿರುಪದ್ರವಿ ವಸ್ತುವನ್ನೇ ಶತ್ರುವೆಂದು ಭಾವಿಸಿ ಅದರ ವಿರುದ್ಧ ಕಾದಾಡುವುದೇ ಅಲರ್ಜಿ ಎಂಬುದು ಇಂದಿನ ತಿಳಿವಳಿಕೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರಗಳಿವೆ. ಬಯಲು, ರಸ್ತೆಬದಿಗಳಲ್ಲಿ ಬೆಳೆಯುವ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡದ ಪರಾಗ ಬೆಂಗಳೂರಿನಂತಹ ಊರುಗಳಲ್ಲಿ ಮೂಗಿನ ಅಲರ್ಜಿಗೆ ಕಾರಣವಾಗುವುದು ದಾಖಲಾಗಿದೆ. ಮನೆಯ ಧೂಳಿನ ನುಸಿ, ಮಳೆಗಾಲದ ಬೂಷ್ಟುಗಳೂ ಕಾರಣವಾಗುತ್ತವೆ. ಬೂಷ್ಟು ಹಿಡಿದ ಗೋಡೆಯ ಪಕ್ಕದಲ್ಲಿ ಮಗುವನ್ನು ಮಲಗಿಸಿ ಎಷ್ಟು ಕಷಾಯ ಕುಡಿಸಿದರೇನು?

ನಮ್ಮ ಅಡುಗೆ ಮನೆಯ ಮದ್ದುಗಳು

ಇನ್ನು ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಮದ್ದುಗಳನ್ನು ಅದೇ ವಿಚಾರಣೆಯ ದೃಷ್ಟಿಯಿಂದ ನೋಡೋಣ.

ಮೂಗು ತೊಳೆಯುವುದು: ವುಝೂ ಮಾಡುವಾಗ ಮೂಗಿಗೆ ನೀರು ಸೇದಿ ಹೊರಹಾಕುವುದು ಸುನ್ನತ್. ಉಪವಾಸದ ಸಂದರ್ಭ ಬಿಟ್ಟು ಉಳಿದ ವೇಳೆಯಲ್ಲಿ ಇದನ್ನು ಚೆನ್ನಾಗಿ ಮಾಡಬೇಕೆಂಬ ಪ್ರವಾದಿ ಬೋಧನೆಯನ್ನು ಲಕೀತ್ ಬಿನ್ ಸಬಿರಾ(ರ) ವರದಿ ಮಾಡಿದ್ದಾರೆ. ಇದು ಆರಾಧನೆಯ ಅಂಗ, ಇದರ ಉದ್ದೇಶ ಶುದ್ಧಿ. ಆದರೆ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ಇಂದಿನ ವೈದ್ಯರೂ ಅಲರ್ಜಿಗೆ ಸಲಹೆ ಮಾಡುತ್ತಾರೆಂಬುದು ಸಂತೋಷದ ಸಂಗತಿ. ಕುದಿಸಿ ಆರಿಸಿದ ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ನೀರಿಗೆ ಕಾಲರಿಂದ ಅರ್ಧ ಟೀ ಚಮಚ ಉಪ್ಪು ಸಾಕು. ಇದಕ್ಕೆ ಕುದಿಸದ ನಲ್ಲಿ ನೀರನ್ನು ಬಳಸಬಾರದು.

ಜೇನು: ಕೆಮ್ಮು ಮತ್ತು ಗಂಟಲ ಕೆರೆತಕ್ಕೆ ಜೇನು ಹಿತಕರ. ಆದರೆ ಊರಿನ ಜೇನು ತಿಂದರೆ ಪರಾಗದ ಅಲರ್ಜಿ ಗುಣವಾಗುತ್ತದೆಂಬ ಮಾತಿಗೆ ದೃಢವಾದ ಆಧಾರವಿಲ್ಲ. ಜೇನಿನಲ್ಲಿರುವುದು ಹೆಚ್ಚಾಗಿ ನೊಣಗಳು ತರುವ ಹೂವಿನ ಪರಾಗ, ಅಲರ್ಜಿ ತರುವುದು ಹೆಚ್ಚಾಗಿ ಗಾಳಿಯಲ್ಲಿ ಬರುವ ಪರಾಗ. ಒಂದು ವರ್ಷ ತುಂಬದ ಶಿಶುವಿಗೆ ಜೇನನ್ನು ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಶಿಶುವಿಗೆ ಪ್ರಾಣಾಪಾಯ ತರಬಲ್ಲದು.

ಕಲೋಂಜಿ: ಮೂಗಿನ ಅಲರ್ಜಿಯುಳ್ಳವರ ಮೇಲೆ ನಡೆದ ಕೆಲವು ಸಣ್ಣ ಅಧ್ಯಯನಗಳಲ್ಲಿ ಇದರ ಎಣ್ಣೆ ಒಂದಿಷ್ಟು ಉಪಶಮನ ನೀಡಿದ್ದು ಕಂಡುಬಂದಿದೆ. ಅಡುಗೆಯ ಪ್ರಮಾಣದಲ್ಲಿ ಬಳಸಲು ಅಡ್ಡಿಯಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಹೆಸರಿನ ಗೊಂದಲದ ಬಗ್ಗೆ ಎಚ್ಚರವಿರಲಿ. ಕಾಡುಜೀರಿಗೆ ಎಂಬುದು ಬೇರೆಯೇ ವಸ್ತು. ವೈದ್ಯರನ್ನು ಕೇಳದೆ ಮಕ್ಕಳ ಮತ್ತು ವೃದ್ಧರ ಮೂಗಿಗೆ ಯಾವುದೇ ಎಣ್ಣೆಯನ್ನು ಹನಿಸಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹಾನಿಯಾಗುತ್ತದೆ.

ಜೋಶಾಂದ: ಕುದಿಸುವುದು ಎಂಬರ್ಥದ ಪಾರಸಿ ಪದದಿಂದ ಬಂದ ಹೆಸರಿದು. ಉನ್ನಾಬ್, ಚಳ್ಳೆಹಣ್ಣು, ಜ್ಯೇಷ್ಠಮಧು, ಬನಫ್ಶಾ ಮೊದಲಾದವುಗಳನ್ನು ಕುದಿಸಿ ಸೋಸಿದ ಈ ಕಷಾಯ ಗಂಟಲಿಗೆ ಹಿತ ನೀಡುತ್ತದೆ. ಆದರೆ ಜ್ಯೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ಕೇಳದೆ ಸೇವಿಸಬಾರದು. ಇನ್ನು ಬಾಬೂನಾ ಹೂವು ಪಾರ್ಥೇನಿಯಂ ಗಿಡದ ಕುಟುಂಬಕ್ಕೇ ಸೇರಿದ್ದು. ಪಾರ್ಥೇನಿಯಂ ಅಲರ್ಜಿಯಿದ್ದವರಿಗೆ ಬಾಬೂನಾ ಕಷಾಯ ಅಥವಾ ಹಬೆಯಿಂದಲೇ ಸೀನು ಹೆಚ್ಚಾಗಬಹುದು. ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ಕಾಯಿಲೆಯಾಗಬಹುದು ಎಂಬುದಕ್ಕೆ ಬಲ್ಖಿಯವರ ಗುಲಾಬಿಯೇ ಸಾಕ್ಷಿ.

ಧೂಪ ಮತ್ತು ಅತ್ತರ್: ಸುಗಂಧ ಪ್ರವಾದಿವರ್ಯರಿಗೆ(ಸ) ಪ್ರಿಯವಾಗಿತ್ತು. ಆದರೆ ಸೀನುತ್ತಿರುವವರ ಕೋಣೆಯಲ್ಲಿ ಲೋಬಾನದ ಹೊಗೆ ಹಾಕುವುದು ಅವರ ಉಸಿರಾಟವನ್ನು ಇನ್ನಷ್ಟು ಕಷ್ಟಕ್ಕೀಡು ಮಾಡುತ್ತದೆ. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬೇಡಿರೆಂದು ಕಲಿಸಿದ ಧರ್ಮ ಪಕ್ಕದವನ ಮೂಗಿನ ಬಗ್ಗೆಯೂ ಕಾಳಜಿ ವಹಿಸಿದೆ. ಮಸೀದಿಯಲ್ಲಾಗಲಿ ಮನೆಯಲ್ಲಾಗಲಿ ಈ ಕಾಳಜಿಯನ್ನು ನಾವೂ ಪಾಲಿಸಬೇಕು.

ಮನೆಮದ್ದಿನ ಎಲ್ಲೆ

ಮೂಗಿನ ಅಲರ್ಜಿಯುಳ್ಳ ಅನೇಕರಲ್ಲಿ ಆಸ್ತಮಾ ಕೂಡ ಇರುತ್ತದೆ. ರಾತ್ರಿ ಬಿಡದ ಕೆಮ್ಮು, ಎದೆಯಲ್ಲಿ ಸುಯ್ಯೆಂಬ ಸದ್ದು, ಉಸಿರೆಳೆಯುವಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ಮಾತನಾಡಲು ಉಸಿರು ಸಾಲದಿರುವುದು, ತುಟಿ ನೀಲಿಯಾಗುವುದು ಇವು ಮನೆಮದ್ದಿನ ವ್ಯಾಪ್ತಿಗೆ ಸೇರಿದವಲ್ಲ. ಉಸಿರಿನ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್‌ಹೇಲರ್ ಚಟವಾಗುತ್ತದೆಂಬ ಭಯ, ಹೆಣ್ಣುಮಗಳ ಕೈಯಲ್ಲಿ ಅದನ್ನು ಕಂಡರೆ ಮದುವೆಗೆ ಅಡ್ಡಿಯಾದೀತೆಂಬ ಸಂಕೋಚ ನಮ್ಮ ಕೆಲವು ಕುಟುಂಬಗಳಲ್ಲಿದೆ. ಈ ಭಯ, ಸಂಕೋಚಗಳ ಬೆಲೆ ತೆರುವುದು ಆ ಮಗುವಿನ ಶ್ವಾಸಕೋಶ. ಇನ್‌ಹೇಲರ್ ಚಟ ಹಿಡಿಸುವ ವಸ್ತುವಲ್ಲ. ರಮಝಾನಿನಲ್ಲಿ ಅದರ ಬಳಕೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ನಿಮ್ಮ ಉಲಮಾಗಳನ್ನು ಕೇಳಿ ತಿಳಿಯಿರಿ. ಆದರೆ ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ರಿಯಾಯಿತಿಯನ್ನು ಅಲ್‌ಬಕರ ಅಧ್ಯಾಯವು ಸ್ಪಷ್ಟವಾಗಿ ನೀಡಿದೆ. ಉಪವಾಸದ ಹೆಸರಿನಲ್ಲಿ ಉಸಿರನ್ನು ಅಪಾಯಕ್ಕೊಡ್ಡುವ ಅಗತ್ಯವಿಲ್ಲ.

ವೈದ್ಯಕೀಯ ಜ್ಞಾನವಿಲ್ಲದೆ ಚಿಕಿತ್ಸೆಗಿಳಿದವನು ಅದರಿಂದಾಗುವ ಹಾನಿಗೆ ಹೊಣೆಗಾರನಾಗುತ್ತಾನೆ ಎಂಬರ್ಥದ ಹದೀಸ್ ಅಬೂದಾವೂದ್, ನಸಾಈ ಮತ್ತು ಇಬ್ನು ಮಾಜಾ ಸಂಗ್ರಹಗಳಲ್ಲಿದೆ. ಎಲ್ಲ ಅಲರ್ಜಿಗೂ ಇದೊಂದೇ ಮದ್ದು ಎಂಬ ಸಂದೇಶ ಮೊಬೈಲಿಗೆ ಬಂದಾಗ, ಅದನ್ನು ಇತರರಿಗೆ ಕಳುಹಿಸುವ ಮೊದಲು ಈ ಹೊಣೆಗಾರಿಕೆಯನ್ನು ಒಮ್ಮೆ ನೆನೆಯಬೇಕು. ಹದೀಸಿನ ಹೆಸರು ಸೇರಿಸಿ ಹೇಳುವ ಮಾತಿನ ಹೊಣೆಯಂತೂ ಇನ್ನೂ ದೊಡ್ಡದು.

ಅಜ್ಜಿಯಂದಿರು ಕಲಿಸಿದ ಕಷಾಯವನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಅದರಲ್ಲಿ ಮಮತೆಯಿದೆ, ಅನುಭವವಿದೆ, ಬಡವನಿಗೂ ಎಟಕುವ ಉಪಶಮನವಿದೆ. ಆದರೆ ಕಷಾಯದ ಪಾತ್ರೆಯನ್ನು ಒಲೆಯ ಮೇಲಿಡುವ ಮುನ್ನ ಕೇಳಬೇಕಾದ ಪ್ರಶ್ನೆಗಳೂ ನಮ್ಮ ಪರಂಪರೆಯದ್ದೇ. ಸೀನು ಯಾವ ತಿಂಗಳಲ್ಲಿ ಬರುತ್ತದೆ, ಮನೆಯೊಳಗೋ ಹೊರಗೋ, ಬೆಳಗ್ಗೆಯೋ ರಾತ್ರಿಯೋ, ಯಾವುದರ ಹತ್ತಿರ ಹೋದಾಗ ಎಂಬುದನ್ನು ಕೆಲವು ವಾರ ಬರೆದಿಟ್ಟರೆ ಕಾರಣದ ಸುಳಿವು ಸಿಗಬಹುದು. ಆ ಹಾಳೆಯನ್ನು ವೈದ್ಯರ ಮುಂದಿಟ್ಟರೆ ಅವರ ಕೆಲಸವೂ ಹಗುರಾಗುತ್ತದೆ. ಅರ್ರಾಝಿಯವರು ಬಲ್ಖಿಯವರಿಗಾಗಿ ಮಾಡಿದ್ದೂ ಇಂತಹ ವಿಚಾರಣೆಯನ್ನೇ.

ಶಮನ ನೀಡುವವನು ಅಲ್ಲಾಹನು ಮಾತ್ರ. ಮದ್ದು, ವೈದ್ಯ, ವಿವೇಕ ಇವೆಲ್ಲ ಅವನೇ ನಮಗೆ ಒದಗಿಸಿದ ಕಾರಣಗಳು. ಅವುಗಳನ್ನು ಅರಿತು ಬಳಸುವ ತಿಳಿವಳಿಕೆಯನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ರೋಗಗ್ರಸ್ತರಾಗಿರುವ ನಮ್ಮ ಸಹೋದರ ಸಹೋದರಿಯರಿಗೆ ಸಂಪೂರ್ಣ ಶಿಫಾ ನೀಡಲಿ. ಆಮೀನ್.